ಪಾದರಕ್ಷೆಯೂ ಅಪ್ರಮಾದವೂ

ಶ್ರಾವಕನು ಬಸದಿಯ ಹೊಸ್ತಿಲ ಹೊರಗೆ ಬಿಟ್ಟುಬಂದ ಪಾದರಕ್ಷೆಯೂ ಅವನ ಚಾರಿತ್ರಕ್ಕೆ ಸಾಕ್ಷಿಯಾಗಿರುತ್ತದೆ. ಇಂದು ಅನೇಕ ಕಚೇರಿಗಳಲ್ಲಿ ಕೋಟು, ಟೈಗಳ ಕಟ್ಟುಪಾಡು ಸಡಿಲಗೊಂಡಿದೆ. ಕಾಲರಿನ ಅಂಗಿ, ಹತ್ತಿಯ ಪ್ಯಾಂಟು, ಕಾಲಿಗೆ ಲೋಫರ್ ಎಂಬ ಉಡುಪು ರೂಢಿಗೆ ಬಂದಿದೆ. ಲೋಫರ್ ಎಂದರೆ ಲೇಸಿಲ್ಲದೆ ಸುಲಭವಾಗಿ ಹಾಕಿ ತೆಗೆಯಬಹುದಾದ ಷೂ. ನಾರ್ವೆಯ ಮಾದರಿಯನ್ನು ಅನುಸರಿಸಿ ಅಮೆರಿಕದ ಬಾಸ್ ಸಂಸ್ಥೆಯು 1936ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇಟಲಿಯ ಗುಚ್ಚಿ ಸಂಸ್ಥೆಯು 1953ರಲ್ಲಿ ಕುದುರೆಯ ಕಡಿವಾಣದ ಆಕಾರದ ಲೋಹದ ಅಲಂಕಾರವನ್ನು ಇದಕ್ಕೆ ಸೇರಿಸಿತು. ಎರಡೂ ಚರ್ಮದವು. ಆದ್ದರಿಂದಲೇ ಒಳ್ಳೆಯ ಲೋಫರ್ ಎಂದರೆ ಚರ್ಮದ್ದೇ ಎಂಬ ಭಾವನೆ ಬೇರೂರಿದೆ.

"ಪ್ರಾಣಿಯನ್ನು ನಾವೇನು ಕೊಂದೆವೇ?" ಎಂದು ಯುವಕರು ಕೇಳುವುದುಂಟು. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳಲ್ಲಿಯೂ ಹಿಂಸೆಯ ದೋಷ ತಗುಲುವುದೆಂಬುದು ಜಿನಧರ್ಮದ ನಿಲುವು. ಚರ್ಮದ ಬೆಲೆಯೂ ಕಸಾಯಿಖಾನೆಯ ಆದಾಯದ ಒಂದು ಪಾಲು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ಣವಾಗಿ ತಪ್ಪುವಂಥವಲ್ಲ, ನಿಜ. ಆದರೆ ಅದೇ ಅಂಗಡಿಯಲ್ಲಿ ಬದಲಿ ವಸ್ತು ಇರುವಾಗ ಚರ್ಮವನ್ನೇ ಆರಿಸುವವನು ಅನಿವಾರ್ಯವೆನ್ನಲಾರನು.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಬಣ್ಣ ನೋಡಿ, ಬೆಲೆ ಕೇಳಿ, ಷೂವಿನ ಒಳಗನ್ನು ನೋಡದೆ ಕೊಳ್ಳುವುದು ಪ್ರಮಾದವಲ್ಲದೆ ಮತ್ತೇನು? ಯೂರೋಪಿನಲ್ಲಿ 1994ರ ನಿಯಮದಂತೆ ಷೂಗಳ ಮೇಲ್ಭಾಗ, ಒಳಪದರ, ಸೋಲ್ ಈ ಮೂರಕ್ಕೂ ಚಿಹ್ನೆಗಳಿರುತ್ತವೆ. ಅಲ್ಲಿಗಾಗಿ ತಯಾರಾದ ಷೂಗಳಲ್ಲಿ ಇವನ್ನು ಕಾಣಬಹುದು. ಹರಡಿದ ತೊಗಲಿನ ಆಕಾರವು ಚರ್ಮವನ್ನೂ, ಅದರೊಳಗೆ ವಜ್ರಾಕೃತಿಯಿದ್ದರೆ ಲೇಪವುಳ್ಳ ಚರ್ಮವನ್ನೂ, ಹೆಣೆದ ಜಾಲವು ಬಟ್ಟೆಯನ್ನೂ, ಬರಿಯ ವಜ್ರಾಕೃತಿಯು ಇತರ ವಸ್ತುಗಳನ್ನೂ ಸೂಚಿಸುತ್ತದೆ. ಒಂದು ಭಾಗದಲ್ಲಿ ಕನಿಷ್ಠ ಶೇಕಡ 80ರಷ್ಟಿರುವ ವಸ್ತುವನ್ನೇ ಚಿಹ್ನೆಯು ಹೇಳುತ್ತದೆ. ಉಳಿದ ಅಂಶವನ್ನೂ, ಪ್ರಾಣಿಜನ್ಯವಾಗಿರಬಹುದಾದ ಅಂಟನ್ನೂ ಕುರಿತು ಮಾರುವವರನ್ನು ವಿಚಾರಿಸುವುದು ಉಚಿತ. ಬೆಲ್ಟು, ಪರ್ಸು, ಗಡಿಯಾರದ ಪಟ್ಟಿಗಳಿಗೂ ಇದೇ ಎಚ್ಚರ ಸಲ್ಲುತ್ತದೆ.

ಅಹಿಂಸೆಯನ್ನು ಪಾಲಿಸುವವನು ಅಂದಗೇಡಿಯಾಗಿ ಕಾಣಬೇಕಾಗಿಲ್ಲ. ಗಾಢ ಕಂದು ಬಣ್ಣದ, ಹೊಳಪು ಕಡಿಮೆಯಿರುವ ಮೈಕ್ರೋಫೈಬರ್ ಲೋಫರ್ ನೀಲಿ, ಬೂದು, ಖಾಕಿ ಪ್ಯಾಂಟುಗಳಿಗೆಲ್ಲ ಒಪ್ಪುತ್ತದೆ. ಪ್ಯಾಂಟಿನ ಅಂಚು ಷೂವಿನ ಮೇಲ್ಭಾಗವನ್ನು ಮುಟ್ಟಿದರೆ ಸಾಕು. ಬೆಲ್ಟು ಷೂವಿನ ಬಣ್ಣಕ್ಕೆ ಹತ್ತಿರವಿರಲಿ. ಪಾದಗಳು ಸಂಜೆಗೆ ತುಸು ಊದಿಕೊಳ್ಳುವುದರಿಂದ ಆಗಲೇ ಹಾಕಿ ನೋಡಬೇಕು. ಕೃತಕ ವಸ್ತುವು ಚರ್ಮದಷ್ಟು ಹಿಗ್ಗದು. ಬಿಗಿಯಾದುದು ಮುಂದೆ ಸಡಿಲವಾದೀತೆಂದು ನಂಬಬಾರದು. ನಡೆಯುವಾಗ ಹಿಮ್ಮಡಿ ಜಾರಲೂಬಾರದು.

ಕೃತಕ ವಸ್ತುವೂ ದೋಷರಹಿತವಲ್ಲ. ಅದು ಬಹುಮಟ್ಟಿಗೆ ಪೆಟ್ರೋಲಿಯಂನಿಂದ ಬಂದುದು. ಬೇಗ ಮಣ್ಣಿನಲ್ಲಿ ಕರಗದು. ಪಾಲಿಯುರೆಥೇನ್ ಲೇಪವು ತೇವಕ್ಕೆ ಸಿಕ್ಕಿ, ಉಪಯೋಗಿಸದೆ ಇಟ್ಟರೂ ಕೆಲವು ವರ್ಷಗಳಲ್ಲಿ ಸಿಪ್ಪೆ ಏಳಬಹುದು. ಆದುದರಿಂದ ಹತ್ತು ಜೊತೆ ಕೂಡಿಡುವುದು ವ್ಯರ್ಥ. ಒಂದೆರಡು ಜೊತೆಗಳಿಗೆ ಮಿತಿ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಸವೆಯುವವರೆಗೂ ಬಳಸುವುದೇ ಪರಿಗ್ರಹ ಪರಿಮಾಣ.

ಮಗನ ಮೊದಲ ಉದ್ಯೋಗಕ್ಕೆ ಷೂ ಕೊಡಿಸುವ ತಂದೆತಾಯಿಗಳು ಅದರ ಒಳಗನ್ನೊಮ್ಮೆ ತಿರುವಿ ನೋಡಲಿ. ಚರ್ಮ ಧರಿಸುವ ಸಹೋದ್ಯೋಗಿಯ ಮೇಲೆ ತಿರಸ್ಕಾರ ಬೇಡವೆಂದೂ ಮಗನಿಗೆ ತಿಳಿಹೇಳಲಿ. ಅಹಂಕಾರವೂ ಕಷಾಯವೇ.