ರ‍್ಯಾಂಕಿನ ಕೆಳಗಿರುವ ಅಂಕಿಗಳು

ನಮ್ಮ ಕಾಮರ್ಸ್ ವಿಭಾಗದಲ್ಲಿ "ಮುಂದೇನು?" ಎಂದು ಯಾರನ್ನು ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ: ಬಿ.ಕಾಂ. ಇಲ್ಲವೇ ಬಿಬಿಎ, ಆಮೇಲೆ ಎಂಬಿಎ. ಎಲ್ಲಿ ಎಂದರೆ, "ಒಳ್ಳೆ ರ‍್ಯಾಂಕ್ ಇರೋ ಕಾಲೇಜಲ್ಲಿ." ಈ ರ‍್ಯಾಂಕ್ ಎಂದರೆ ಏನೆಂದು ನಾನು ಕೂತು ನೋಡಿದ್ದು ನನ್ನ ಆಪಾಳ ಕಾರಣಕ್ಕೆ.

ಆಪಾ ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಎಂಬಿಎ ಮಾಡಬೇಕೆಂಬುದು ಅವಳ ಬಹುದಿನದ ಆಸೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಿಂದ ಫೋನಿನ ಮೇಲೆ ಫೋನು. ಒಂದು ಪತ್ರಿಕೆಯ ಪಟ್ಟಿಯಲ್ಲಿ ತಮ್ಮದು ದಕ್ಷಿಣ ಭಾರತದ ಮೊದಲ ಹತ್ತರೊಳಗಿದೆ, ಸರಾಸರಿ ಪ್ಯಾಕೇಜ್ 8 ಲಕ್ಷ ಎಂದರು. ಹಾಸ್ಟೆಲ್ ಸೇರಿ ಎರಡು ವರ್ಷದ ಖರ್ಚು 10 ಲಕ್ಷ ದಾಟುತ್ತಿತ್ತು. ಅಬ್ಬಾ ಹೆಚ್ಚು ಮಾತಾಡಲಿಲ್ಲ. ಊರಾಚೆಯ ಸೈಟು ಕೊಟ್ಟುಬಿಡೋಣ ಎಂದರಷ್ಟೇ. ಮನೆ ಕಟ್ಟಲೆಂದು ತೆಗೆದುಕೊಂಡ ಸೈಟು ಅದು. ನಾವು ಇಂದಿಗೂ ಬಾಡಿಗೆ ಮನೆಯಲ್ಲಿದ್ದೇವೆ.

ಆ "ಸರಾಸರಿ" ಎಂಬ ಮಾತು ನನಗೆ ಸರಿಬರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಇದು ಗೊತ್ತು. ಐದು ಜನರಿಗೆ ವರ್ಷಕ್ಕೆ 3, 3, 4, 4 ಮತ್ತು 26 ಲಕ್ಷ ಸಂಬಳ ಸಿಕ್ಕಿತೆನ್ನಿ. ಸರಾಸರಿ 8 ಲಕ್ಷ. ಮಧ್ಯಾಂಕ, ಅಂದರೆ ಮೀಡಿಯನ್, 4 ಲಕ್ಷ. ಎರಡೂ ಸುಳ್ಳಲ್ಲ. ಆದರೆ ಆ ಐವರಲ್ಲಿ ನಾಲ್ವರ ಮನೆಯವರಿಗೆ 8 ಲಕ್ಷ ಎಂಬುದು ಫ್ಲೆಕ್ಸ್ ಮೇಲಿನ ಮಾತು ಮಾತ್ರ.

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಎಂಬ ರ‍್ಯಾಂಕಿಂಗ್ 2016ರಿಂದ ಬರುತ್ತಿದೆ. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಅಹಮದಾಬಾದ್ ಐಐಎಂ ಮೊದಲು, ನಮ್ಮ ಬೆಂಗಳೂರು ಐಐಎಂ ಎರಡನೆಯದು; ಕೆಲವು ವರ್ಷಗಳಿಂದ ಇದರಲ್ಲಿ ಬದಲಾವಣೆಯಿಲ್ಲ. ಅಂಕ ಹಂಚುವ ರೀತಿ ನೋಡಿ: ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿಯ ಫಲಿತಾಂಶಕ್ಕೆ 20, ಎಲ್ಲ ವರ್ಗದವರ ಸೇರ್ಪಡೆಗೆ 10, ಜನಾಭಿಪ್ರಾಯಕ್ಕೆ 10. ಓದಿ ಮುಗಿಸಿದವರಿಗೆ ಕೆಲಸ ಸಿಕ್ಕಿತೇ ಎಂಬುದು ಆ 20ರೊಳಗಿನ ಒಂದು ಪಾಲು. ನಾವು ಕಟ್ಟುವ ಶುಲ್ಕ ದುಬಾರಿಯೇ ಎಂಬುದಕ್ಕೆ ಪ್ರತ್ಯೇಕ ಅಂಕವಿಲ್ಲ. ಪಟ್ಟಿಯ ಮಧ್ಯಭಾಗಕ್ಕೆ ಬಂದರೆ ಒಂದು ಸ್ಥಾನಕ್ಕೂ ಮುಂದಿನದಕ್ಕೂ ಅಂತರ ಒಂದು ಅಂಕದಷ್ಟೂ ಇರುವುದಿಲ್ಲ. 52 ಒಳ್ಳೆಯದೋ 58 ಒಳ್ಳೆಯದೋ ಎಂದು ಜಗಳವಾಡುವುದು ವ್ಯರ್ಥ.

ನನಗೆ ಉಪಯೋಗಕ್ಕೆ ಬಂದದ್ದು ರ‍್ಯಾಂಕ್ ಅಲ್ಲ, ಅದಕ್ಕಾಗಿ ಪ್ರತಿ ಕಾಲೇಜೂ ಸಲ್ಲಿಸುವ ಮಾಹಿತಿಯ ಹಾಳೆ. ಎಷ್ಟು ಜನ ಸೇರಿದರು, ಎಷ್ಟು ಜನ ಎರಡು ವರ್ಷದಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು, ಎಲ್ಲವೂ ಅದರಲ್ಲಿದೆ. ಕಾಲೇಜಿನ ವೆಬ್‌ಸೈಟಿನಲ್ಲೂ ಹಾಕಿರಬೇಕು. ಫೋನು ಮಾಡುತ್ತಿದ್ದ ಕಾಲೇಜಿನ ಹಾಳೆಯಲ್ಲಿ ಮಧ್ಯಾಂಕ ಸಂಬಳ ಅವರು ಹೇಳಿದ್ದರ ಅರ್ಧಕ್ಕಿಂತ ತುಸುವೇ ಹೆಚ್ಚಿತ್ತು. ಆಪಾ ಅದನ್ನು ಎರಡು ಸಲ ಓದಿದಳು. "ಇಷ್ಟಕ್ಕೆ ಸೈಟಾ?" ಅಂದಳು.

ಈ ಹಾಳೆಯೂ ಕಾಲೇಜುಗಳೇ ತುಂಬಿ ಕೊಡುವಂಥದ್ದು ಎಂಬುದನ್ನು ಮರೆಯಬಾರದು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಸ್ಕೂಲ್‌ನ ಆನ್‌ಲೈನ್ ಎಂಬಿಎಗೆ ಸಾಲಾಗಿ ನಾಲ್ಕು ವರ್ಷ ಮೊದಲ ರ‍್ಯಾಂಕ್ ಬಂದಿತ್ತು. ಸೇರಿದ 255 ಜನರೂ ಜಿಮ್ಯಾಟ್ ಅಂಕ ಕೊಟ್ಟಿದ್ದಾರೆಂದು ಬರೆದಿದ್ದರು. ಕೊಟ್ಟವರು 50 ಮಂದಿ. 2018ರಲ್ಲಿ ಇದು ಹೊರಬಿತ್ತು. ಅಲ್ಲಿನ ಡೀನ್ ಆಗಿದ್ದ ಮೋಶೆ ಪೊರಾಟ್ ಅವರಿಗೆ 2022ರಲ್ಲಿ 14 ತಿಂಗಳ ಜೈಲು ಶಿಕ್ಷೆಯಾಯಿತು. ಆ ರ‍್ಯಾಂಕ್ ನಂಬಿ ಶುಲ್ಕ ಕಟ್ಟಿದವರ ಗತಿ ಏನೆಂದು ಓದುವಾಗ ನನಗೆ ಅನ್ನಿಸಿತು.

ಹಾಗೆಂದು ರ‍್ಯಾಂಕ್ ಪಟ್ಟಿಯನ್ನು ಎಸೆಯಬೇಕಿಲ್ಲ. ಹೆಸರೇ ಕೇಳದ ಕಾಲೇಜುಗಳನ್ನು ಹುಡುಕಲು, ಮೂವತ್ತನ್ನು ಹತ್ತಕ್ಕೆ ಇಳಿಸಲು ಅದು ಸಾಕು. ಆ ಹತ್ತರಲ್ಲಿ ಒಂದನ್ನು ಆರಿಸಲು ಸಾಲದು. ಆಪಾಗೆ ಬೇಕಾದದ್ದು ಫೈನಾನ್ಸ್ ವಿಷಯ, ಹುಡುಗಿಯರ ಹಾಸ್ಟೆಲ್, ಮೂರು ನಾಲ್ಕು ಗಂಟೆಯಲ್ಲಿ ಮನೆ ಮುಟ್ಟುವಷ್ಟು ದೂರ. ಇದನ್ನು ಯಾವ ಪಟ್ಟಿಯೂ ಅಳೆಯುವುದಿಲ್ಲ.

ಈಗ ಅವಳು ಪಿಜಿಸಿಇಟಿಗೆ ಓದುತ್ತಿದ್ದಾಳೆ. ಒಳ್ಳೆಯ ರ‍್ಯಾಂಕ್ ಬಂದರೆ ಸರ್ಕಾರಿ ವಿಶ್ವವಿದ್ಯಾಲಯದ ಎಂಬಿಎ ವಿಭಾಗದಲ್ಲಿ ಕಡಿಮೆ ಶುಲ್ಕಕ್ಕೆ ಸೀಟು ಸಿಗುತ್ತದೆ (ಈ ರ‍್ಯಾಂಕ್ ನಮ್ಮದೇ, ಕಾಲೇಜಿನದ್ದಲ್ಲ). ಅಂಥ ಎರಡು ವಿಭಾಗಗಳಲ್ಲಿ ಕಳೆದ ವರ್ಷ ಓದಿ ಮುಗಿಸಿದವರ ನಂಬರ್ ಹುಡುಕಿಕೊಂಡಿದ್ದಾಳೆ. ಕೇಳಬೇಕಾದ ಪ್ರಶ್ನೆಗಳನ್ನು ನನ್ನ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿದ್ದಾಳೆ. ಮೊದಲನೆಯದು: "ನಿಮ್ಮ ಕ್ಲಾಸಿನಲ್ಲಿ ಕೆಲಸ ಸಿಗದವರು ಎಷ್ಟು ಜನ?"