ಹಾಳೆಯ ಅಂಚು

ಹಾಳೆಯ ಅಂಚನ್ನೂ ಬಿಡದೆ ಬರೆದಿದ್ದ ಶಿರೋಳದ ಬಾಲಕನೊಬ್ಬನನ್ನು ನಾನೊಮ್ಮೆ ಗದರಿದೆ. “ಬ್ಯಾರೆ ವಹಿ ತರಾಕ ರೊಕ್ಕಿಲ್ರೀ ಗುರುಗಳ” ಎಂದನವನು. ಆ ಮಾತು ಇಂದಿಗೂ ನನ್ನನ್ನು ಇರಿಯುತ್ತಿದೆ.

ಕಾಗದದ ಮೂಲವಸ್ತು ಮರದ ತಿರುಳು. ಹಿಂದೆ ಅದನ್ನು ಹೇರಳವಾಗಿ ಆಮದು ಮಾಡಿಕೊಳ್ಳುತ್ತಿದ್ದವು ಯುರೋಪ್, ಅಮೆರಿಕ, ಜಪಾನುಗಳಂತಹ ಸಿರಿವಂತ ನಾಡುಗಳು. ಇಂದು ಚೀನವೇ ಅಗ್ರಗಣ್ಯ. ನಮ್ಮಲ್ಲಿ ಭದ್ರಾವತಿ, ದಾಂಡೇಲಿಗಳ ಗಿರಣಿಗಳು ಮಲೆನಾಡಿನ ಬಿದಿರನ್ನು ಅರೆದು ಕಾಗದವಾಗಿಸಿದವು. ಬಿದಿರು ವಿರಳವಾಯಿತು, 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಗಿರಣಿಯಲ್ಲಿ 2015ರ ಸುಮಾರಿಗೆ ಉತ್ಪಾದನೆಯೇ ನಿಂತಿತು. ಭಾರತವೂ ಇಂದು ತಿರುಳನ್ನು ಹೊರನಾಡುಗಳಿಂದ ತರಿಸುತ್ತಿದೆ.

ಈ ಆಮದನ್ನು ಕೇವಲ ಪರಾವಲಂಬನೆಯೆಂದು ನಾನು ಹಳಿಯಲಾರೆ. ತಲಾ ಬಳಕೆಯಲ್ಲಿ ನಾವಿನ್ನೂ ಸಿರಿವಂತರಿಗಿಂತ ಬಹಳ ಹಿಂದೆ. ಅವರಿಗದು ಪೊಟ್ಟಣದ ಹೊದಿಕೆಯಾದರೆ, ನಮ್ಮಲ್ಲಿ ಬಡಮಗುವಿನ ಮೊದಲ ವಹಿಯಾದೀತು. ಆ ಬಾಲಕನ ಅಂಚಿನ ಅಕ್ಷರಗಳಿಗೆ ನಾನಂದು ಪೂರ್ಣಾಂಕ ನೀಡಬೇಕಿತ್ತು.