ಉಳಿದ ನೌಕೆ

ಕಳೆದ ವೈಶಾಖದಲ್ಲಿ, ಗ್ರೀಸ್ ದೇಶದ ನಾಕ್ಸೊಸ್ ದ್ವೀಪದಲ್ಲಿ, ನಾವು ಆರು ಮಂದಿ ಯಾತ್ರಿಕರು ಮುದುಕನಾದ ಒಬ್ಬ ಬೆಸ್ತನೊಡನೆ ಮೀನು ಹಿಡಿಯುವುದನ್ನು ನೋಡಲು ಹೊರಟೆವು. ಅವನ ಮರದ ದೋಣಿಯಂಥವನ್ನು ಅಲ್ಲಿಯವರು 'ಕೈಕಿ' ಎನ್ನುವರು. ಪ್ರಾಚೀನ ಗ್ರೀಕರಾದರೋ ನೌಕೆಯನ್ನು 'ನೌಸ್' ಎನ್ನುತ್ತಿದ್ದರು. ಸಂಸ್ಕೃತದ 'ನೌ' ಶಬ್ದಕ್ಕೆ ಅದು ಒಡಹುಟ್ಟು. ಇದನ್ನು ತಿಳಿಸಲು, ಬೆಸ್ತನು ನಕ್ಕು ದೋಣಿಯ ಅಂಚನ್ನು ತಟ್ಟಿದನು.

ಹಿಂದಿನ ಸಂಜೆ ಬಿಟ್ಟಿದ್ದ ಬಲೆಯನ್ನೆಳೆದಾಗ ಬಂದುದು ನಾಲ್ಕಾರು ಮೀನು. ಸಸ್ಯಾಹಾರಿಯಾದ ನನಗೆ ಅವುಗಳ ಒದ್ದಾಟವನ್ನು ನೋಡಲಾಗಲಿಲ್ಲ. ಬೆಸ್ತನ ಬಾಡಿದ ಮುಖವನ್ನೂ ನೋಡಲಾಗಲಿಲ್ಲ.

ಮೀನುಗಾರಿಕೆಯು ಮಿತಿಮೀರಿತೆಂದು ಐರೋಪ್ಯ ಒಕ್ಕೂಟವು, 1990ರ ದಶಕದಿಂದ, ಪರವಾನಗಿಯನ್ನು ಬಿಟ್ಟುಕೊಟ್ಟವರಿಗೆ ಧನಸಹಾಯವಿತ್ತಿತು. ಆದರೆ ದೋಣಿಯನ್ನು ಒಡೆಯಬೇಕೆಂಬುದು ನಿಬಂಧನೆ. ಹೀಗೆ ಸಹಸ್ರಾರು ಕೈಕಿಗಳು ಪುಡಿಯಾದವು. ಇವನ ಅಣ್ಣನ ದೋಣಿಯೂ ಅವುಗಳಲ್ಲೊಂದು.

"ಮೀನಿಗೆ ಒಳ್ಳೆಯದಾಯಿತೇನೋ. ಅಣ್ಣನು ಮಾತ್ರ ಆಮೇಲೆ ಬಂದರಿನತ್ತ ಸುಳಿಯಲಿಲ್ಲ" ಎಂದು ಅವನು ಹರುಕು ಇಂಗ್ಲಿಷಿನಲ್ಲಿ ಹೇಳಿದನು. ತಾನಾದರೋ ನಮ್ಮಂಥವರನ್ನು ಕರೆದೊಯ್ದು ತನ್ನ ದೋಣಿಯನ್ನು ಉಳಿಸಿಕೊಂಡಿರುವನು.

ಹಿಂಸೆಗೆ ಹಣ ತೆರುವೆನೆಂಬ ಅಳುಕು ನನ್ನಲ್ಲಿದ್ದುದು ನಿಜ. ದಡ ಸೇರಿದ ಮೇಲೆ, ಈ ನೌಕೆ ಇನ್ನಷ್ಟು ಕಾಲ ತೇಲಲೆಂದು ಮನಸ್ಸಿನಲ್ಲಿಯೇ ಹಾರೈಸಿ, ಬಾಡಿಗೆಯನ್ನು ಅವನ ಕೈಯಲ್ಲಿಟ್ಟೆನು. ಅಳುಕೇನೋ ಪೂರ್ತಿ ಹೋಗಲಿಲ್ಲ.